ಅವಧಾನವನ್ನು ಅಳೆದ ಕ್ರೇಪೆಲಿನ್

ಚಾಮರಾಜನಗರದಿಂದ ತೆರಕಣಾಂಬಿಯನ್ನು ಹಾಯ್ದು ಗುಂಡ್ಲುಪೇಟೆಗೆ ಹೋಗುವ ದಾರಿಯನ್ನು ನಾನು ವರ್ಷಗಟ್ಟಲೆ ಭಾನುವಾರಗಳಲ್ಲಿ ಸವೆಸಿದ್ದೇನೆ. ಗುಂಡ್ಲುಪೇಟೆಯಲ್ಲಿ ನನ್ನ ಚಿಕ್ಕಪ್ಪನವರದು ಈರುಳ್ಳಿ, ಅರಿಶಿನಗಳ ಮಂಡಿ. ಅಲ್ಲಿ ಕಿರ್ದಿ ಬರೆಯುತ್ತಿದ್ದವನು ಅವರ ಮಗ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವನು. ಲೆಕ್ಕದಲ್ಲಿ ನನಗಿಂತ ಬಹಳ ಚುರುಕಿನವನು. ಉದ್ದನೆಯ ಅಂಕಣವೊಂದನ್ನು ಮೇಲಿಂದ ಕೆಳಕ್ಕೆ ಕಣ್ಣಿನಿಂದಲೇ ಕೂಡಿ ಮೊತ್ತವನ್ನು ಬರೆದುಬಿಡುತ್ತಿದ್ದ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವನಿಗೆ ಯಾರಿಗೂ ಕೇಳದ ಧ್ವನಿಗಳು ಕೇಳತೊಡಗಿದವು. ಮಂಡಿಗೆ ಬರುವ ರೈತರೆಲ್ಲ ತನ್ನ ವಿಷಯವನ್ನೇ ಆಡಿಕೊಳ್ಳುತ್ತಿದ್ದಾರೆಂಬ ಅನುಮಾನ ಹತ್ತಿತು. ಮನೆಯವರು ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತರು. ಆಮೇಲೆ ಆಸ್ಪತ್ರೆಗೂ ಕರೆದುಕೊಂಡು ಹೋದರು. ಔಷಧದಿಂದ ನಾಲ್ಕಾರು ತಿಂಗಳಲ್ಲಿ ಧ್ವನಿಗಳು ಅಡಗಿದವು, ಅನುಮಾನ ಕರಗಿತು, ಊಟ ನಿದ್ರೆಗಳು ಹದಕ್ಕೆ ಬಂದವು. ಗಂಡಾಂತರ ಕಳೆಯಿತೆಂದು ಎಲ್ಲರೂ ನಿಟ್ಟುಸಿರು ಬಿಟ್ಟೆವು.

ಆದರೆ ಕಿರ್ದಿ ಸರಿಹೋಗಲಿಲ್ಲ. ಪುಟದ ಮೊದಲ ಆರೇಳು ಸಾಲುಗಳು ಮೊದಲಿನಂತೆಯೇ ಮುತ್ತು ಪೋಣಿಸಿದ ಹಾಗಿರುತ್ತಿದ್ದವು. ನಡುವಿನಿಂದ ಕೆಳಗೆ ಲೆಕ್ಕ ಕೈಬಿಟ್ಟುಹೋಗುತ್ತಿತ್ತು. ಒಂದು ಮೂಟೆಯ ತೂಕ ಎರಡು ಸಲ ಬಿದ್ದಿರುತ್ತಿತ್ತು, ಇನ್ನೊಂದು ಮೂಟೆ ಕಾಣೆಯಾಗಿರುತ್ತಿತ್ತು. ಧ್ವನಿಗಳಿದ್ದಾಗ ಮಗನನ್ನು ಕಾಯಿಲೆಯವನೆಂದು ಮರುಗಿದ್ದ ಚಿಕ್ಕಪ್ಪ, ಧ್ವನಿಗಳು ನಿಂತ ಮೇಲೆ ಅವನನ್ನು ಸೋಮಾರಿಯೆಂದು ಗದರಿಸತೊಡಗಿದರು. ಮನಸ್ಸಿಟ್ಟು ಮಾಡಿದರೆ ಆಗದೆ ಏನು ಎಂಬುದು ಅವರ ವಾದ. ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಪಾಠ ಹೇಳುತ್ತಿದ್ದ ನಾನೂ ಒಳಗೊಳಗೇ ಆ ವಾದವನ್ನು ಒಪ್ಪಿದ್ದೆನೆಂದು ಇಂದು ನಾಚಿಕೆಯಿಂದ ಹೇಳಬೇಕಾಗಿದೆ.

ಮುಂದೊಂದು ದಿನ ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಮನಶ್ಶಾಸ್ತ್ರಜ್ಞೆಯೊಬ್ಬರು ಅವನ ಮುಂದೆ ಒಂದು ಹಾಳೆಯನ್ನಿಟ್ಟರು. ಹಾಳೆಯ ತುಂಬ ಅಂಕೆಗಳು, ಸಾಲಿನ ಮೇಲೆ ಸಾಲು. ಎರಡು ಅಂಕೆಗಳನ್ನು ಹೆಸರಿಸಿ, ಅವು ಕಂಡಲ್ಲೆಲ್ಲ ಪೆನ್ಸಿಲಿನಿಂದ ಗೀಟು ಹಾಕುತ್ತ ಹೋಗುವಂತೆ ಹೇಳಿ, ಗಡಿಯಾರವನ್ನು ಒತ್ತಿದರು. ನಾನು ಮೂಲೆಯ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದೆ. ಮೊದಲ ಕೆಲವು ಸಾಲುಗಳಲ್ಲಿ ಅವನ ಕೈ ಓಡಿತು. ಆಮೇಲೆ ನಿಧಾನವಾಯಿತು. ಹೊರಗೆ ಯಾರೋ ಬಾಗಿಲೆಳೆದ ಸದ್ದಿಗೆ ತಲೆಯೆತ್ತಿದ. ತಿರುಗಿ ಹಾಳೆಗೆ ಬರುವಾಗ ಒಂದು ಸಾಲು ತಪ್ಪಿತ್ತು. ಅವನ ಹಣೆಯಲ್ಲಿ ಬೆವರು ಮೂಡಿತ್ತು. ಸೋಮಾರಿಯ ಹಣೆ ಬೆವರುವುದಿಲ್ಲ. ಅಂದು ಅವನು ತೆಗೆದುಕೊಂಡ ಕಾಲ, ಬಿಟ್ಟ ಅಂಕೆಗಳು, ತಪ್ಪಾಗಿ ಹೊಡೆದ ಗೀಟುಗಳು ಎಲ್ಲವನ್ನೂ ಆಕೆ ಎಣಿಸಿ ಬರೆದುಕೊಂಡರು.

ಈ ಬಗೆಯ ಪರೀಕ್ಷೆಯ ಹುಟ್ಟನ್ನು ಹುಡುಕುತ್ತ ಹೋದಾಗ ನನಗೆ ಮತ್ತೆ ಎದುರಾದ ಹೆಸರು ಎಮಿಲ್ ಕ್ರೇಪೆಲಿನ್ನರದು. ವಿದ್ಯಾರ್ಥಿಗಳಿಗೆ ಮಾನಸಿಕ ರೋಗಗಳನ್ನು ವರ್ಗೀಕರಿಸಿದ ಜರ್ಮನ್ ವೈದ್ಯ ಎಂದು ಒಂದೇ ವಾಕ್ಯದಲ್ಲಿ ನಾನು ದಾಟಿಸಿಬಿಡುತ್ತಿದ್ದ ಹೆಸರು ಅದು. ರೋಗದ ಕಪಾಟುಗಳಿಗೆ ಚೀಟಿ ಅಂಟಿಸಿದವರು ಎಂಬುದು ಅವರ ಖ್ಯಾತಿ. ಪೆನ್ಸಿಲು, ಗಡಿಯಾರ, ಕೂಡುವ ಲೆಕ್ಕಗಳನ್ನು ಹಿಡಿದು ಮನಸ್ಸಿನ ಮುಂದೆ ಕುಳಿತ ಕ್ರೇಪೆಲಿನ್ನರನ್ನು ಪಠ್ಯಪುಸ್ತಕಗಳು ಹೆಚ್ಚು ನೆನೆಯುವುದಿಲ್ಲ.

ಅವರು ಹುಟ್ಟಿದ್ದು ೧೮೫೬ನೆಯ ಫೆಬ್ರವರಿ ೧೫ರಂದು, ಉತ್ತರ ಜರ್ಮನಿಯ ನ್ಯೂಸ್ಟ್ರೇಲಿಟ್ಸ್ ಎಂಬ ಪುಟ್ಟ ರಾಜಧಾನಿಯಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಹುಟ್ಟಿದವರು ಫ್ರಾಯ್ಡ್. ಮನಸ್ಸಿನ ಬೇನೆಯನ್ನು ಕುರಿತು ಇಪ್ಪತ್ತನೆಯ ಶತಮಾನ ನಡೆದ ಎರಡು ದಾರಿಗಳು ಹೀಗೆ ಒಂದೇ ವರ್ಷದಲ್ಲಿ ತೊಟ್ಟಿಲು ಕಂಡವು. ಕ್ರೇಪೆಲಿನ್ನರ ತಂದೆ ರಂಗಭೂಮಿಯ ಮನುಷ್ಯ. ಹಾಡುಗಾರಿಕೆ, ನಟನೆ, ಕಥಾವಾಚನ ಇವು ಅವರ ಬದುಕು. ಮಗನಿಗೆ ತಂದೆಯ ಗುಣ ಬರಲಿಲ್ಲವೆಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಆದರೆ ಈ ಒಣ ಪಂಡಿತರು ಜೀವನದುದ್ದಕ್ಕೂ ಗುಟ್ಟಾಗಿ ಕವಿತೆ ಬರೆದರು. ಅವರು ತೀರಿಕೊಂಡ ಮೇಲೆ ಅವು ಅಚ್ಚಾದವು. ಬಾಲಕನಿಗೆ ಗುರುವಾದವನು ಅಣ್ಣ ಕಾರ್ಲ್. ಗಿಡಮರ, ಹುಳುಹುಪ್ಪಟೆಗಳನ್ನು ಸಂಗ್ರಹಿಸಿ ಜಾತಿ ಗುರುತಿಸುವ ಅಭ್ಯಾಸವನ್ನು ತಮ್ಮನಿಗೆ ಹಿಡಿಸಿದವನು ಅವನೇ. ಮುಂದೆ ಅವನು ಹ್ಯಾಂಬರ್ಗಿನ ಪ್ರಾಣಿಶಾಸ್ತ್ರ ಸಂಗ್ರಹಾಲಯದ ಮುಖ್ಯಸ್ಥನಾದ.

ಲೈಪ್‌ಜಿಗ್, ವುರ್ಟ್ಸ್‌ಬರ್ಗ್‌ಗಳಲ್ಲಿ ವೈದ್ಯ ಓದುತ್ತಿದ್ದಾಗ ಕ್ರೇಪೆಲಿನ್ನರ ಕೈಗೆ ವಿಲ್ಹೆಲ್ಮ್ ವುಂಟರ ಪುಸ್ತಕಗಳು ಬಿದ್ದವು. ಮನಸ್ಸನ್ನು ಪ್ರಯೋಗಶಾಲೆಯಲ್ಲಿ ಅಳೆಯಬಹುದು ಎಂಬ ಮಾತು ಆ ಕಾಲಕ್ಕೆ ಹೊಸದು. ವುಂಟರು ೧೮೭೯ರಲ್ಲಿ ಲೈಪ್‌ಜಿಗ್ಗಿನಲ್ಲಿ ಸ್ಥಾಪಿಸಿದ ಪ್ರಯೋಗಶಾಲೆಯನ್ನು ಇಂದಿಗೂ ಆಧುನಿಕ ಮನಶ್ಶಾಸ್ತ್ರದ ಜನ್ಮಸ್ಥಾನವೆನ್ನುತ್ತಾರೆ. ಪದವಿ ಪಡೆದು ಮ್ಯೂನಿಕ್ಕಿನ ಮಾನಸಿಕ ಚಿಕಿತ್ಸಾಲಯದಲ್ಲಿ ಗುಡೆನ್ ಎಂಬ ಹಿರಿಯ ವೈದ್ಯರ ಕೈಕೆಳಗೆ ಕೆಲವು ವರ್ಷ ದುಡಿದ ಕ್ರೇಪೆಲಿನ್, ೧೮೮೨ರಲ್ಲಿ ಲೈಪ್‌ಜಿಗ್ಗಿಗೆ ಬಂದರು. ಹೆಸರಿಗೆ ಅವರು ಫ್ಲೆಕ್ಸಿಗ್ ಎಂಬ ಪ್ರಾಧ್ಯಾಪಕರ ಚಿಕಿತ್ಸಾಲಯದ ಸಹಾಯಕ. ಮನಸ್ಸೆಲ್ಲ ವುಂಟರ ಪ್ರಯೋಗಶಾಲೆಯಲ್ಲಿ. ಕೆಲವೇ ತಿಂಗಳಲ್ಲಿ ಚಿಕಿತ್ಸಾಲಯದ ಕೆಲಸ ಹೋಯಿತು. ಕೈಯಲ್ಲಿ ಕಾಸಿಲ್ಲ, ಮದುವೆ ನಿಶ್ಚಯವಾಗಿದೆ. ಆ ಇಕ್ಕಟ್ಟಿನಲ್ಲಿ, ೧೮೮೩ರಲ್ಲಿ, ಮನೋವೈದ್ಯದ ಒಂದು ಕೈಪಿಡಿಯನ್ನು ಬರೆದುಕೊಟ್ಟರು. ಹಣದ ಅಡಚಣೆಗೆ ಹುಟ್ಟಿದ ಆ ಕಿರುಪುಸ್ತಕ ಆವೃತ್ತಿಯಿಂದ ಆವೃತ್ತಿಗೆ ಬೆಳೆದು, ಎಂಟನೆಯ ಆವೃತ್ತಿಯ ಹೊತ್ತಿಗೆ ನಾಲ್ಕು ಸಂಪುಟಗಳ ಮಹಾಗ್ರಂಥವಾಯಿತು. ಒಬ್ಬನೇ ಲೇಖಕ ತನ್ನ ಹಿಂದಿನ ಮಾತನ್ನು ಅಷ್ಟು ಸಲ, ಅಷ್ಟು ನಿರ್ದಾಕ್ಷಿಣ್ಯವಾಗಿ ತಿದ್ದಿಕೊಂಡ ನಿದರ್ಶನ ವಿರಳ.

ವುಂಟರ ಪ್ರಯೋಗಶಾಲೆಯಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗವನ್ನು ತೋರಿಸುವ ಯಂತ್ರವಿತ್ತು. ಸದ್ದು ಕೇಳಿದೊಡನೆ ಗುಂಡಿಯೊತ್ತಲು ಮನುಷ್ಯನಿಗೆ ಎಷ್ಟು ಕಾಲ ಬೇಕು, ಎರಡು ಸದ್ದುಗಳಲ್ಲಿ ಒಂದನ್ನು ಆರಿಸಿ ಒತ್ತಬೇಕಾದರೆ ಎಷ್ಟು ಹೆಚ್ಚು ಬೇಕು, ಇವನ್ನು ಅದು ಹೇಳುತ್ತಿತ್ತು. ಕ್ರೇಪೆಲಿನ್ನರು ಮದ್ಯ, ಚಹ ಮೊದಲಾದವನ್ನು ತಾವೂ ಸೇವಿಸಿ, ಗೆಳೆಯರಿಗೂ ಸೇವಿಸಕೊಟ್ಟು ಈ ಯಂತ್ರದ ಮುಂದೆ ಕುಳಿತರು. ಸ್ವಲ್ಪ ಮದ್ಯ ಒಳಗಿಳಿದಾಗ ಕೈ ಕ್ಷಣಕಾಲ ಚುರುಕಾಗುತ್ತದೆ. ಗ್ರಹಿಸುವ, ತೂಗಿ ನೋಡುವ ಶಕ್ತಿಯಾದರೋ ಆಗಲೇ ಮಂದವಾಗಿರುತ್ತದೆ. ಕುಡಿದವನು ತಾನು ಚುರುಕಾಗಿದ್ದೇನೆಂದು ನಂಬುವುದೂ, ಯಂತ್ರ ಅದನ್ನು ಸುಳ್ಳೆನ್ನುವುದೂ ಅವರಿಗೆ ಮರೆಯಲಾಗದ ಪಾಠವಾಯಿತು. ಮುಂದೆ ಮದ್ಯವನ್ನು ಪೂರ್ತಿಯಾಗಿ ತೊರೆದು, ಬಿಯರಿನ ನಾಡಾದ ಬವೇರಿಯದಲ್ಲಿ ಪಾನವಿರೋಧವನ್ನು ಸಾರಿ ನಗೆಪಾಟಲಿಗೂ ಈಡಾದರು.

೧೮೮೬ರಲ್ಲಿ, ಮೂವತ್ತನೆಯ ವಯಸ್ಸಿಗೇ, ಡೊರ್ಪಾಟ್ ವಿಶ್ವವಿದ್ಯಾನಿಲಯದಲ್ಲಿ ಅವರಿಗೆ ಪ್ರಾಧ್ಯಾಪಕ ಪೀಠ ದೊರೆಯಿತು. ಅಂದು ರಷ್ಯದ ಚಕ್ರಾಧಿಪತ್ಯಕ್ಕೆ ಸೇರಿದ್ದ ಆ ಊರು ಇಂದು ಎಸ್ಟೋನಿಯದ ಟಾರ್ಟು. ರೋಗಿಗಳಲ್ಲಿ ಬಹುಮಂದಿ ಎಸ್ಟೋನಿಯನ್ ಮಾತಾಡುವವರು. ಪ್ರಾಧ್ಯಾಪಕರಿಗೆ ಆ ಭಾಷೆ ಬಾರದು. ದುಭಾಷಿಯ ಬಾಯಿಂದ ಮತಿವಿಕಲನ ಮಾತನ್ನು ಕೇಳುವುದೆಂದರೆ ಸೋಸಿದ ನೀರಿನಲ್ಲಿ ಮಣ್ಣಿನ ಗುಣವನ್ನು ಹುಡುಕಿದಂತೆ. ರೋಗಿ ಏನು ಹೇಳುತ್ತಾನೆಂಬುದಕ್ಕಿಂತ ಹೇಗೆ ನಡೆದುಕೊಳ್ಳುತ್ತಾನೆ, ರೋಗ ವರ್ಷಗಳ ಮೇಲೆ ಎತ್ತ ಸಾಗುತ್ತದೆ ಎಂಬುದನ್ನೇ ನೆಚ್ಚುವ ಅವರ ಸ್ವಭಾವ ಅಲ್ಲಿ ಗಟ್ಟಿಯಾಯಿತೆಂದು ನನ್ನ ಊಹೆ. ಅದರಲ್ಲಿ ಲಾಭವೂ ಇತ್ತು, ನಷ್ಟವೂ ಇತ್ತು. ನಷ್ಟದ ಮಾತು ಮುಂದೆ ಬರುತ್ತದೆ.

೧೮೯೧ರಿಂದ ೧೯೦೩ರವರೆಗಿನ ಹೈಡೆಲ್‌ಬರ್ಗ್‌ನ ವರ್ಷಗಳೇ ಅವರ ಬಾಳಿನ ಫಲಕಾಲ. ಒಬ್ಬೊಬ್ಬ ರೋಗಿಗೂ ಒಂದು ಚೀಟಿ. ಅದರಲ್ಲಿ ರೋಗದ ಆರಂಭ, ಲಕ್ಷಣ, ಕೊನೆಗೆ ಏನಾಯಿತೆಂಬ ಸಂಗತಿ. ಆ ಚೀಟಿಗಳ ಕಂತೆಗಳನ್ನು ರಜೆಯ ದಿನಗಳಲ್ಲಿಯೂ ಹರಡಿಕೊಂಡು, ಅಣ್ಣ ಕಲಿಸಿದ ಗಿಡಗಳ ವಿಂಗಡಣೆಯಂತೆ ಸಾಲು ಸಾಲಾಗಿ ಜೋಡಿಸುತ್ತಿದ್ದರು. ಎಳೆಯ ವಯಸ್ಸಿನಲ್ಲಿ ಹತ್ತಿ, ಬುದ್ಧಿ ಭಾವ ಇಚ್ಛೆಗಳ ನಡುವಣ ನಂಟನ್ನೇ ಸಡಿಲಿಸುವ ರೋಗವೊಂದನ್ನು ಅವರು ೧೮೯೩ರ ಆವೃತ್ತಿಯಲ್ಲಿ ಡಿಮೆನ್ಷಿಯ ಪ್ರಿಕಾಕ್ಸ್ ಎಂದು ಕರೆದರು. ಅಕಾಲದ ಬುದ್ಧಿನಾಶ ಎಂದು ಇದರ ಅರ್ಥ. ೧೮೯೯ರ ಆರನೆಯ ಆವೃತ್ತಿಯಲ್ಲಿ ಇದನ್ನು ಉನ್ಮಾದ–ಖಿನ್ನತೆಗಳು ಸರದಿಯಾಗಿ ಬರುವ ರೋಗದಿಂದ ಬೇರ್ಪಡಿಸಿ ನಿಲ್ಲಿಸಿದರು. ಸ್ವಿಟ್ಸರ್ಲೆಂಡಿನ ಬ್ಲಾಯ್ಲರ್ ೧೯೦೮ರಲ್ಲಿ ಅದಕ್ಕೆ ಸ್ಕಿಜೋಫ್ರೀನಿಯಾ ಎಂಬ ಹೊಸ ಹೆಸರಿಟ್ಟರು. ಛಿದ್ರಮನಸ್ಕತೆ ಎಂದು ನಮ್ಮಲ್ಲಿ ಅನುವಾದಿಸುವುದುಂಟು.

ಇದು ಎಲ್ಲರೂ ಹೇಳುವ ಕಥೆ. ಅದೇ ಹೈಡೆಲ್‌ಬರ್ಗಿನ ಚಿಕಿತ್ಸಾಲಯದ ಇನ್ನೊಂದು ಕೋಣೆಯಲ್ಲಿ ನಡೆಯುತ್ತಿದ್ದ ಕೆಲಸವೇ ನನ್ನ ತಮ್ಮನ ಹಾಳೆಗೆ ತಾತನ ಸ್ಥಾನದಲ್ಲಿರುವುದು. ಅಂಕೆಗಳನ್ನು ಉದ್ದುದ್ದ ಅಂಕಣಗಳಲ್ಲಿ ಅಚ್ಚು ಮಾಡಿದ ಲೆಕ್ಕದ ಪುಸ್ತಕಗಳನ್ನು ಕ್ರೇಪೆಲಿನ್ನರು ಮಾಡಿಸಿದ್ದರು. ಕುಳಿತವನು ಒಂದರ ಮೇಲೊಂದು ಅಂಕೆಯನ್ನು ಕೂಡುತ್ತ ಹೋಗಬೇಕು. ಗೊತ್ತಾದ ಅವಧಿಗೊಮ್ಮೆ ಗಂಟೆ ಬಾರಿಸುತ್ತದೆ. ಆಗ ತಾನಿದ್ದೆಡೆಯಲ್ಲಿ ಗೆರೆಯೆಳೆದು ಮತ್ತೆ ಮುಂದುವರಿಯಬೇಕು. ಕೊನೆಯಲ್ಲಿ ಪ್ರತಿ ಗೆರೆಯ ನಡುವೆ ಎಷ್ಟು ಲೆಕ್ಕಗಳಾದವೆಂದು ಎಣಿಸಿ ಚುಕ್ಕಿಯಿಟ್ಟರೆ ಒಂದು ವಕ್ರರೇಖೆ ಮೂಡುತ್ತದೆ. ಅದನ್ನು ಅವರು ಕೆಲಸದ ರೇಖೆ ಎಂದು ಕರೆದರು. ೧೯೦೨ರಲ್ಲಿ ಗುರು ವುಂಟರ ಎಪ್ಪತ್ತನೆಯ ವರ್ಷದ ಅಭಿನಂದನ ಸಂಪುಟಕ್ಕೆ ಅವರು ಕೊಟ್ಟ ಕಾಣಿಕೆ ಇದರ ವಿವರಣೆಯೇ.

ಈ ರೇಖೆಯನ್ನು ಓದುವ ಬಗೆ ಸೊಗಸಾದದ್ದು. ಕೆಲಸಕ್ಕೆ ತೊಡಗುವಾಗ ಒಂದು ಹುರುಪು ರೇಖೆಯನ್ನು ಮೇಲೆತ್ತುತ್ತದೆ. ಕೈ ಪಳಗಿದಂತೆ ಅಭ್ಯಾಸ ಅದನ್ನು ಏರಿಸುತ್ತದೆ, ದಣಿವು ಇಳಿಸುತ್ತದೆ. ಇಂಜಿನು ಕಾದಂತೆ ಮನಸ್ಸೂ ಕೆಲಸದಲ್ಲಿ ಕಾಯುತ್ತದೆ. ನಡುವೆ ಬಿಡುವು ಕೊಟ್ಟರೆ ದಣಿವೂ ಆರುತ್ತದೆ, ಕಾವೂ ಆರುತ್ತದೆ. ಕೊನೆಯ ಗಂಟೆ ಹತ್ತಿರವಾಯಿತೆಂದು ತಿಳಿದವನ ರೇಖೆ ತುದಿಯಲ್ಲಿ ಮತ್ತೆ ಏರುತ್ತದೆ, ಮನೆಯ ಹಾದಿ ಹಿಡಿದ ಎತ್ತಿನಂತೆ. ಇವೆಲ್ಲ ಏಕಕಾಲದಲ್ಲಿ ಒಂದನ್ನೊಂದು ಎಳೆದಾಡುತ್ತಿರುವಾಗ ಒಬ್ಬೊಬ್ಬನ ರೇಖೆಯೂ ಅವನದೇ ಆದ ಆಕಾರ ತಳೆಯುತ್ತದೆ. ಜಪಾನಿನ ಉಚಿಡ ಎಂಬ ಮನಶ್ಶಾಸ್ತ್ರಜ್ಞರು ೧೯೨೦ರ ದಶಕದಿಂದ ಇದನ್ನು ಬೆಳೆಸಿ ರೂಪಿಸಿದ ಪರೀಕ್ಷೆ ಇಬ್ಬರ ಹೆಸರನ್ನೂ ಹೊತ್ತು, ಆ ದೇಶದಲ್ಲಿ ರೈಲು ಚಾಲಕರ ಆಯ್ಕೆಯವರೆಗೂ ಹಬ್ಬಿತು.

ಹೈಡೆಲ್‌ಬರ್ಗಿಗೆ ಬಂದು ದಣಿವನ್ನು ಅಳೆಯಲು ಕಲಿತವರಲ್ಲಿ ರಿವರ್ಸ್ ಎಂಬ ಇಂಗ್ಲಿಷ್ ವೈದ್ಯನೂ ಒಬ್ಬ. ದಣಿವು ಮತ್ತು ವಿಶ್ರಾಂತಿಯನ್ನು ಕುರಿತು ಕ್ರೇಪೆಲಿನ್ನರೊಡನೆ ಸೇರಿ ಬರೆದ ಅವನ ಲೇಖನ ೧೮೯೬ರಲ್ಲಿ ಪ್ರಕಟವಾಯಿತು. ಗುಂಡ್ಲುಪೇಟೆಯ ಕಡೆಯವರು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ತೆಂಕಣಕ್ಕೆ ಮುಖ ಮಾಡಿ ನಿಂತರೆ ಕಾಡಿನಾಚೆ ನೀಲಿಯಾಗಿ ಹಬ್ಬಿರುವ ನೀಲಗಿರಿಯ ಸಾಲಿಗೆ ಈತ ೧೯೦೧–೦೨ರಲ್ಲಿ ಬಂದು, ತೋಡರ ನಡುವೆ ತಿಂಗಳುಗಟ್ಟಲೆ ಇದ್ದ. ಅವರ ಕುಲ, ಎಮ್ಮೆಯ ಹಟ್ಟಿ, ಆಚರಣೆಗಳನ್ನು ಬರೆದುಕೊಂಡದ್ದಲ್ಲದೆ, ಕಣ್ಣಿನ ಹರಿತ, ಬಣ್ಣದ ಗುರುತು, ಉದ್ದದ ವಿಷಯದಲ್ಲಿ ಕಣ್ಣನ್ನು ಮೋಸಗೊಳಿಸುವ ಗೆರೆಗಳು ಇವೆಲ್ಲದರ ಪರೀಕ್ಷೆಯನ್ನೂ ನಡೆಸಿದ. ಬಾಣದ ತಲೆ ಸೇರಿಸಿ ಎಳೆದ ಗೆರೆಗಳ ಮೋಸಕ್ಕೆ ತೋಡರು ಇಂಗ್ಲಿಷರಿಗಿಂತ ಕಡಿಮೆ ಬಲಿಯಾದರೆಂಬುದು ಅವನು ಕಂಡ ವಿಶೇಷಗಳಲ್ಲಿ ಒಂದು. ಅವನ ತೋಡರ ಗ್ರಂಥ ೧೯೦೬ರಲ್ಲಿ ಹೊರಬಂತು. ಹೈಡೆಲ್‌ಬರ್ಗಿನ ಅಳತೆಯ ಚಾಳಿ ನಮ್ಮ ಬೇಲಿಯಾಚೆಯ ಬೆಟ್ಟವನ್ನು ನೂರು ವರ್ಷಕ್ಕೂ ಹಿಂದೆಯೇ ಹತ್ತಿತ್ತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ೧೯೧೩ರಲ್ಲಿ ಹೊರಬಂದ ಎಂಟನೆಯ ಆವೃತ್ತಿಯ ಸಂಪುಟದಲ್ಲಿ ಕ್ರೇಪೆಲಿನ್ನರು ಈ ರೋಗಿಗಳ ಅವಧಾನವನ್ನು ಕುರಿತು ಬರೆದಿರುವ ಪುಟಗಳು ಇಂದು ಓದಿದರೂ ಹಳತೆನ್ನಿಸುವುದಿಲ್ಲ. ರೋಗಿಗೆ ಕಣ್ಣು ಕಾಣುತ್ತದೆ, ಕಿವಿ ಕೇಳುತ್ತದೆ. ಸುತ್ತ ನಡೆದುದನ್ನು ಎಷ್ಟೋ ವೇಳೆ ನಾವು ಎಣಿಸಿದ್ದಕ್ಕಿಂತ ಚೆನ್ನಾಗಿಯೇ ಗುರುತಿಸಿರುತ್ತಾನೆ. ಕೆಟ್ಟಿರುವುದು ತಾನಾಗಿ ಒಂದೆಡೆ ಮನಸ್ಸನ್ನಿಟ್ಟು, ಅಲ್ಲಿಯೇ ಅದನ್ನು ನಿಲ್ಲಿಸುವ ಶಕ್ತಿ. ಆ ಶಕ್ತಿಯೊಡನೆ ಅದರ ಆಸೆಯೂ ಕುಂದುತ್ತದೆ. ಒಮ್ಮೆ ಕ್ಷುಲ್ಲಕ ವಸ್ತುವೊಂದು ಅವನನ್ನು ತಡೆಯಲಾರದಂತೆ ಸೆಳೆಯುತ್ತದೆ. ಇನ್ನೊಮ್ಮೆ ಎಷ್ಟು ಕರೆದರೂ ಮನಸ್ಸು ಈ ಕಡೆ ತಿರುಗದು. ಅಕ್ಷರಗಳನ್ನು ಕ್ಷಣಮಾತ್ರ ತೋರಿಸಿ ಮರೆಮಾಡುವ ಸಲಕರಣೆಯಿಂದ ಶಿಷ್ಯರೊಬ್ಬರು ನಡೆಸಿದ ಪರೀಕ್ಷೆಯನ್ನೂ ಅಲ್ಲಿ ಹೇಳಿದ್ದಾರೆ: ರೋಗಿಗಳು ಹಿಡಿದ ಅಕ್ಷರಗಳು ಕಡಿಮೆ, ಇಲ್ಲದ್ದನ್ನು ಇತ್ತೆಂದು ಹೇಳಿದ್ದು ಹೆಚ್ಚು.

ನಮ್ಮ ನಾಡಿನ ಅವಧಾನ ಕಲೆಯನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಅಷ್ಟಾವಧಾನಿ ಒಂದು ಪೃಚ್ಛಕನ ಸಮಸ್ಯೆಗೆ ಪಾದ ಕಟ್ಟುತ್ತಾನೆ, ಇನ್ನೊಬ್ಬನಿಗೆ ಸಂಖ್ಯಾಬಂಧದ ಮನೆ ತುಂಬುತ್ತಾನೆ. ಅವನ ಚಿತ್ತವನ್ನು ಕದಡಲೆಂದೇ ಅಪ್ರಸ್ತುತ ಪ್ರಸಂಗಿಯೊಬ್ಬ ಪಕ್ಕದಲ್ಲಿ ಕುಳಿತು, ಸಂದರ್ಭವಿಲ್ಲದ ಪ್ರಶ್ನೆಗಳನ್ನು ಎಸೆಯುತ್ತಿರುತ್ತಾನೆ. ಅವಧಾನಿ ಅವನಿಗೂ ನಗುತ್ತ ಉತ್ತರ ಕೊಟ್ಟು, ಬಿಟ್ಟ ಎಳೆಯನ್ನು ಬಿಟ್ಟಲ್ಲಿಂದಲೇ ಹಿಡಿಯುತ್ತಾನೆ. ನನ್ನ ತಮ್ಮನಂಥವರಿಗೆ ಬಾಗಿಲ ಸದ್ದು, ಗೋಡೆಯ ಮೇಲಿನ ನೊಣ, ಹಿಂದಿನ ವಾರದ ಒಂದು ಮಾತು, ಎಲ್ಲವೂ ಅಪ್ರಸ್ತುತ ಪ್ರಸಂಗಿಗಳೇ; ಬಿಟ್ಟ ಎಳೆ ಮಾತ್ರ ಮತ್ತೆ ಕೈಗೆ ಸಿಕ್ಕುವುದಿಲ್ಲ. ಸಭೆಯವರು ಅದನ್ನು ಸೋಮಾರಿತನವೆನ್ನುತ್ತಾರೆ.

ಇಷ್ಟು ಸೂಕ್ಷ್ಮವಾಗಿ ಕಂಡವರು ಇಟ್ಟ ಹೆಸರು ಎಷ್ಟು ಕಠೋರವಾದುದು! ಬುದ್ಧಿನಾಶ ಎಂಬ ಮಾತನ್ನು ಕೇಳಿದ ತಂದೆತಾಯಿಗಳಿಗೆ ಉಳಿಯುವುದೇನು? ಕ್ರೇಪೆಲಿನ್ನರ ಚೀಟಿಗಳಲ್ಲಿಯೇ ಗುಣಮುಖರಾದವರ ದಾಖಲೆ ಇತ್ತು. ಹೆಸರು ಮಾತ್ರ ಆಸೆಯ ಬಾಗಿಲನ್ನು ಮುಚ್ಚಿತು. ರೋಗದ ಗತಿಯನ್ನೇ ದಿಟ್ಟಿಸಿದ ಕಣ್ಣಿಗೆ ಎದುರಿಗೆ ಕುಳಿತವನ ಕಥೆ ಮಸುಕಾಯಿತು. ಡೊರ್ಪಾಟಿನ ನಷ್ಟವೆಂದು ನಾನು ಮೇಲೆ ಹೇಳಿದ್ದು ಇದನ್ನೇ. ಇದಕ್ಕಿಂತ ಭಾರವಾದ ಆರೋಪವೂ ಒಂದಿದೆ. ಮಾನಸಿಕ ರೋಗವನ್ನು ಕುಲದ ಅವನತಿಯೊಡನೆ ಗಂಟುಹಾಕುವ ಆ ಕಾಲದ ವಾದಕ್ಕೆ ಅವರು ತಮ್ಮ ಹೆಸರಿನ ಬಲವನ್ನು ಕೊಟ್ಟರು. ಅವರ ಶಿಷ್ಯ ಅರ್ನ್ಸ್ಟ್ ರೂಡಿನ್, ೧೯೩೩ರಲ್ಲಿ ನಾಜಿ ಸರ್ಕಾರ ತಂದ ಬಲವಂತದ ಸಂತಾನಹರಣ ಕಾನೂನಿನ ಹಿಂದೆ ನಿಂತವರಲ್ಲಿ ಒಬ್ಬನಾದ. ಆ ಕಾನೂನಿನ ಪಟ್ಟಿಯಲ್ಲಿ ಸ್ಕಿಜೋಫ್ರೀನಿಯಾ ಇತ್ತು. ಆ ಹೊತ್ತಿಗೆ ಕ್ರೇಪೆಲಿನ್ನರು ತೀರಿಕೊಂಡು ಏಳು ವರ್ಷವಾಗಿತ್ತೆಂಬುದು ನಿಜ. ಬಿತ್ತಿದ ಹೊಲ ಅವರದೇ ಎಂಬುದೂ ನಿಜ. ಅವರ ಪರೀಕ್ಷೆಯ ಹಾಳೆಗೆ ಕೈಮುಗಿಯುವ ನಾನು ಈ ಸಂಗತಿಯನ್ನು ಮರೆಮಾಚಿ ಬರೆಯಲಾರೆ.

ಮ್ಯೂನಿಕ್ಕಿನ ಕಾಲವನ್ನು ಬೇಗ ಹೇಳಿ ಮುಗಿಸಬಹುದು. ೧೯೦೩ರಲ್ಲಿ ಅಲ್ಲಿಗೆ ಹೋದರು. ಮಾರನೆಯ ವರ್ಷ ಹೊಸ ಚಿಕಿತ್ಸಾಲಯ ತೆರೆಯಿತು. ಅಣ್ಣನೊಡನೆ ಜಾವಾ ದ್ವೀಪಕ್ಕೆ ಪಯಣ ಮಾಡಿ, ಇಂದು ಬೋಗೋರ್ ಎನ್ನಿಸಿಕೊಂಡಿರುವ ಊರಿನ ಮಾನಸಿಕ ಆಸ್ಪತ್ರೆಯಲ್ಲಿ ಅಲ್ಲಿನ ರೋಗಿಗಳನ್ನು ನೋಡಿದರು. ಯೂರೋಪಿನಲ್ಲಿ ತಾವು ವರ್ಣಿಸಿದ ರೋಗ ಅಲ್ಲಿಯೂ ಇರುವುದನ್ನು ಕಂಡರು. ಸಹೋದ್ಯೋಗಿ ಆಲ್ಟ್ಸ್‌ಹೈಮರ್ ವಿವರಿಸಿದ ಮುಪ್ಪಿನ ಮರೆವಿನ ರೋಗಕ್ಕೆ ೧೯೧೦ರಲ್ಲಿ ಅವನ ಹೆಸರನ್ನೇ ಇಟ್ಟರು. ೧೯೧೭ರಲ್ಲಿ, ಮಹಾಯುದ್ಧದ ನಡುವೆಯೇ, ಮನೋವೈದ್ಯದ ಸಂಶೋಧನಾಲಯವನ್ನು ಸ್ಥಾಪಿಸಿದರು. ಅದಕ್ಕೆ ದೊಡ್ಡ ಧನಸಹಾಯ ಮಾಡಿದವನು ಜೇಮ್ಸ್ ಲೋಬ್ ಎಂಬ ಅಮೆರಿಕದ ಯಹೂದಿ ಶ್ರೀಮಂತ. ೧೯೨೦ರಲ್ಲಿ ಬರೆದ ಲೇಖನದಲ್ಲಿ, ತಾವು ಎಳೆದ ಗೆರೆ ಪ್ರತಿಯೊಬ್ಬ ರೋಗಿಯ ವಿಷಯದಲ್ಲಿಯೂ ಸ್ಪಷ್ಟವಾಗಿ ನಿಲ್ಲುವುದಿಲ್ಲವೆಂದು ಒಪ್ಪಿಕೊಂಡರು. ಅರವತ್ತು ದಾಟಿದ ಪಂಡಿತನೊಬ್ಬ ತನ್ನ ಕೀರ್ತಿಯ ಅಡಿಗಲ್ಲನ್ನು ತಾನೇ ಅಲುಗಾಡಿಸಿ ನೋಡುವುದು ಸಾಮಾನ್ಯವಲ್ಲ. ೧೯೨೬ನೆಯ ಅಕ್ಟೋಬರ್ ೭ರಂದು ಮ್ಯೂನಿಕ್ಕಿನಲ್ಲಿ ತೀರಿಕೊಂಡರು. ಹೈಡೆಲ್‌ಬರ್ಗಿನಲ್ಲಿ ಅವರ ಸಮಾಧಿಯಿದೆ. ಆಗ ಕೈಯಲ್ಲಿದ್ದ ಒಂಬತ್ತನೆಯ ಆವೃತ್ತಿ ಮರುವರ್ಷ ಹೊರಬಂತು.

ಅವರು ಬಿಟ್ಟುಹೋದ ಎಳೆ ನಮ್ಮವರೆಗೆ ಬಂದ ದಾರಿಯನ್ನೂ ಹೇಳಬೇಕು. ಅಮೆರಿಕದ ವೂಸ್ಟರ್ ಆಸ್ಪತ್ರೆಯಲ್ಲಿ ಡೇವಿಡ್ ಶಾಕೋ ರೋಗಿಗಳ ಮುಂದೆ ಗುಂಡಿಯಿಟ್ಟು, ಎಚ್ಚರಿಕೆ ಕೊಟ್ಟು, ಸ್ವಲ್ಪ ಕಾಯಿಸಿ, ಸಂಜ್ಞೆ ನೀಡುತ್ತಿದ್ದರು. ಕಾಯಿಸುವ ಕಾಲ ಕೆಲವು ಸೆಕೆಂಡು ಹೆಚ್ಚಿದರೆ ಸಾಕು, ರೋಗಿಯ ಸಿದ್ಧತೆ ಜಾರಿಹೋಗುತ್ತಿತ್ತು. ೧೯೫೬ರಲ್ಲಿ ರಾಸ್ವೋಲ್ಡ್ ಮತ್ತು ಸಂಗಡಿಗರು ಇನ್ನೊಂದು ಪರೀಕ್ಷೆಯನ್ನು ಪ್ರಕಟಿಸಿದರು. ಅಕ್ಷರಗಳು ಒಂದರ ಹಿಂದೊಂದು ಮಿಂಚಿ ಮರೆಯಾಗುತ್ತಿರುತ್ತವೆ. ಗೊತ್ತಾದ ಅಕ್ಷರ ಬಂದಾಗ, ಇಲ್ಲವೆ ಗೊತ್ತಾದ ಎರಡು ಅಕ್ಷರಗಳು ಒಂದರ ಬೆನ್ನಿಗೊಂದು ಬಂದಾಗ ಮಾತ್ರ ಗುಂಡಿಯೊತ್ತಬೇಕು. ಅವರು ಮಿದುಳಿಗೆ ಪೆಟ್ಟಾದವರಿಗೆಂದು ಕಟ್ಟಿದ ಆ ಪರೀಕ್ಷೆ ಮುಂದೆ ಸ್ಕಿಜೋಫ್ರೀನಿಯಾದ ಅಧ್ಯಯನಕ್ಕೆ ಬಹಳ ನೆರವಾಯಿತು. ಅಷ್ಟರಲ್ಲಿ, ೧೯೫೨ರಲ್ಲಿ, ಧ್ವನಿಗಳನ್ನು ಅಡಗಿಸುವ ಮೊದಲ ಔಷಧ ಪ್ಯಾರಿಸ್ಸಿನಲ್ಲಿ ಬಳಕೆಗೆ ಬಂದಿತ್ತು. ಧ್ವನಿ ಅಡಗಿದ ಮೇಲೂ ಅವಧಾನದ ತೊಡಕು ಬಹುಮಟ್ಟಿಗೆ ಉಳಿಯುತ್ತದೆ, ಮನುಷ್ಯ ಮರಳಿ ಕೆಲಸಕ್ಕೆ ನಿಲ್ಲುವನೋ ಇಲ್ಲವೋ ಎಂಬುದು ಎಷ್ಟೋ ಮಟ್ಟಿಗೆ ಅದನ್ನು ಅವಲಂಬಿಸಿದೆ ಎಂಬುದು ನಿಧಾನವಾಗಿ ಮನದಟ್ಟಾಯಿತು. ನಮ್ಮ ಮಂಡಿಯ ಕಿರ್ದಿ ಹೇಳುತ್ತಿದ್ದುದೂ ಅದನ್ನೇ. ಓದುವ ಕಣ್ಣು ನಮಗಿರಲಿಲ್ಲ.

ಮೈಸೂರಿಗೂ ಲೈಪ್‌ಜಿಗ್ಗಿಗೂ ಒಂದು ಗುರುಪರಂಪರೆಯ ನಂಟಿದೆ. ವುಂಟರ ಬಳಿ ಪದವಿ ಪಡೆದ ಸ್ಪಿಯರ್‌ಮನ್ನರು ಲಂಡನ್ನಿನಲ್ಲಿ ಪ್ರಾಧ್ಯಾಪಕರಾದರು. ಅವರ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿಯವರು ೧೯೨೪ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ವಿಭಾಗವನ್ನು ಕಟ್ಟಿದರು. ೧೯೩೫ರಲ್ಲಿ ಮೈಸೂರಿನ ಆಕಾಶವಾಣಿಯನ್ನು ಆರಂಭಿಸಿದವರೆಂದೇ ಅವರನ್ನು ಜನ ಬಲ್ಲರು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯನ್ನು ನಡೆಸುತ್ತಿದ್ದ ಡಾ. ಎಂ. ವಿ. ಗೋವಿಂದಸ್ವಾಮಿಯವರು, ೧೯೫೪ರಲ್ಲಿ ಅಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಮೊದಲ ನಿರ್ದೇಶಕರಾದರು. ೧೯೭೪ರಲ್ಲಿ ಆ ಸಂಸ್ಥೆ ಮತ್ತು ಆಸ್ಪತ್ರೆ ಒಂದುಗೂಡಿ ನಿಮ್ಹಾನ್ಸ್ ಆಯಿತು. ಅಲ್ಲಿಯ ಮನಶ್ಶಾಸ್ತ್ರಜ್ಞರು ೨೦೦೪ರಲ್ಲಿ ಹೊರತಂದ ಪರೀಕ್ಷಾಮಾಲೆಯಲ್ಲಿ ಅಂಕೆಗಳಿಗೆ ಗೀಟು ಹಾಕುವ ಹಾಳೆಯೂ ಇದೆ. ಭಾರತೀಯರಲ್ಲಿಯೇ ನಡೆಸಿ, ವಯಸ್ಸು, ಲಿಂಗ, ವಿದ್ಯೆಗಳಿಗೆ ತಕ್ಕಂತೆ ಸಾಧಾರಣ ಅಂಕಗಳನ್ನು ಬೇರೆಬೇರೆಯಾಗಿ ಗೊತ್ತುಪಡಿಸಿರುವುದು ಅದರ ಹೆಚ್ಚುಗಾರಿಕೆ. ಇದು ಸಣ್ಣ ಸಂಗತಿಯಲ್ಲ. ಪೆನ್ಸಿಲು ಹಿಡಿದೇ ಅಭ್ಯಾಸವಿಲ್ಲದ ರೈತನ ಕೈ ಹಾಳೆಯ ಮೇಲೆ ತಡವರಿಸಿದರೆ ಅದು ರೋಗದ ತಡವರಿಕೆಯಲ್ಲ. ಹೈಡೆಲ್‌ಬರ್ಗಿನ ಅಳತೆಗೋಲನ್ನು ಇದ್ದಕ್ಕಿದ್ದಂತೆ ತಂದು ಗುಂಡ್ಲುಪೇಟೆಯ ಹೊಲದಲ್ಲಿ ನೆಟ್ಟರೆ ಅನ್ಯಾಯವಾಗುತ್ತದೆ. ದಣಿದವನು, ನಿದ್ರೆಗೆಟ್ಟವನು, ಔಷಧದ ಮಂಪರಿನಲ್ಲಿರುವವನು ಯಾರಾದರೂ ಆ ಹಾಳೆಯಲ್ಲಿ ಎಡವಬಲ್ಲರು; ಒಂದು ಹಾಳೆಯಿಂದ ರೋಗವನ್ನು ಹೆಸರಿಸಲಾಗದು. ರೋಗ ಗೊತ್ತಾದವನ ಕಷ್ಟ ಎಲ್ಲಿದೆಯೆಂದು ತೋರಿಸುವುದೇ ಅದರ ಕೆಲಸ.

ಆ ದಿನ ಆಸ್ಪತ್ರೆಯಿಂದ ಹೊರಟ ಮೇಲೆ ಬಸ್ಸಿನಲ್ಲಿ ಚಿಕ್ಕಪ್ಪ ಬಹಳ ಹೊತ್ತು ಮಾತಾಡಲಿಲ್ಲ. ನಂಜನಗೂಡು ದಾಟಿದ ಮೇಲೆ, ಮಗ ನಿದ್ದೆಹೋದದ್ದನ್ನು ನೋಡಿ, ಆ ಹಾಳೆಯಲ್ಲಿ ಅವನಿಗೆ ಎಷ್ಟು ಬಂತೆಂದು ನನ್ನನ್ನು ಮೆಲ್ಲನೆ ಕೇಳಿದರು. ನನಗೆ ತಿಳಿದಷ್ಟನ್ನು ಹೇಳಿದೆ. ಸೋಮಾರಿಯೆಂಬ ಮಾತನ್ನು ಅಂದಿನಿಂದ ಅವರ ಬಾಯಲ್ಲಿ ನಾನು ಕೇಳಲಿಲ್ಲ. ಮನಶ್ಶಾಸ್ತ್ರಜ್ಞೆಯ ಸಲಹೆಯಂತೆ ಕಿರ್ದಿಯ ಪುಟಕ್ಕೆ ಆರಾರು ಸಾಲಿಗೊಂದು ಕೆಂಪು ಗೆರೆ ಎಳೆದೆವು. ಗೆರೆ ಬಂದೊಡನೆ ಅವನು ಮೊತ್ತ ಬರೆದು, ಪುಸ್ತಕ ಮುಚ್ಚಿ, ಎದ್ದು ಹೋಗಿ ನೀರು ಕುಡಿದು ಬರಬೇಕು. ಅವನ ಕುರ್ಚಿಯನ್ನು ಬೀದಿಯ ಬಾಗಿಲಿನಿಂದ ತೆಗೆದು ಒಳಗಿನ ಗೋಡೆಯ ಕಡೆಗೆ ತಿರುಗಿಸಿದೆವು. ತಪ್ಪುಗಳು ನಿಲ್ಲಲಿಲ್ಲ, ಕಡಿಮೆಯಾದವು. ಈರುಳ್ಳಿಯ ಸುಗ್ಗಿಯಲ್ಲಿ ಮಂಡಿ ಗಿಜಿಗುಟ್ಟುವಾಗ ಅವನಿಂದ ಆಗುವುದಿಲ್ಲ. ಆಗ ಚಿಕ್ಕಪ್ಪನೇ ಕುಳಿತುಕೊಳ್ಳುತ್ತಾರೆ. ಮಿಕ್ಕ ದಿನಗಳಲ್ಲಿ ಕೆಂಪು ಗೆರೆಗಳ ನಡುವಣ ಆರು ಸಾಲುಗಳು ಇಂದಿಗೂ ಅವನವೇ.